ನಟನ ಮೈಗೆ ವಿದ್ಯೆ ಕಲಿಸಿದವನು

ವೈಣಿಕನಿಗೆ ವೀಣೆಯುಂಟು, ಚಿತ್ರಕಾರನಿಗೆ ಕುಂಚವುಂಟು, ಕವಿಗೆ ಭಾಷೆಯುಂಟು. ನಟನಿಗಾದರೋ ತನ್ನ ಮೈಯನ್ನು ಬಿಟ್ಟರೆ ಬೇರೆ ಉಪಕರಣವಿಲ್ಲ. ನುಡಿಸುವವನೂ ಅವನೇ, ನುಡಿಯುವ ವಾದ್ಯವೂ ಅವನೇ. ಭರತಮುನಿಯ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿ, ಕಣ್ಣು, ಹುಬ್ಬು, ಕೊರಳು, ಕೈ, ಕಾಲುಗಳ ಚಲನೆಗೆಲ್ಲ ಹೆಸರಿಟ್ಟು ಲಕ್ಷಣ ಹೇಳಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಯೂರೋಪಿನ ಮಾತಿನ ನಾಟಕದಲ್ಲಿ ಮಾತೇ ಒಡೆಯ, ಮೈ ಅದರ ಹಿಂದೆ ಬರುವ ಆಳು. ಆ ಆಳನ್ನು ಒಡೆಯನ ಸಮಕ್ಕೆ ಕೂರಿಸಲು ಹೊರಟವರಲ್ಲಿ ರಷ್ಯದ ವ್ಸೆವೊಲೊದ್ ಮೇಯರ್‌ಹೋಲ್ಡ್ ಅಗ್ರಗಣ್ಯನಾದವನು. ಅವನ ಬಾಳು ಒಂದು ಶಿಕ್ಷಣಕ್ರಮದ ಚರಿತ್ರೆಯೂ ಹೌದು, ಒಂದು ದುರಂತವೂ ಹೌದು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ಬರುವುದಿಲ್ಲ.

ಮೇಯರ್‌ಹೋಲ್ಡ್ ೧೮೭೪ರ ಫೆಬ್ರುವರಿ ೯ರಂದು ಮಾಸ್ಕೋದ ಆಗ್ನೇಯಕ್ಕಿರುವ ಪೆಂಜಾ ಎಂಬ ಪಟ್ಟಣದಲ್ಲಿ ಹುಟ್ಟಿದನು. ಮನೆತನ ಜರ್ಮನ್ ಮೂಲದ್ದು, ಲೂಥರನ ಮತದ್ದು. ತಂದೆ ವೋಡ್ಕಾ ಭಟ್ಟಿಯ ಮಾಲೀಕ, ಅನುಕೂಲಸ್ಥ. ಮಗುವಿಗಿಟ್ಟ ಹೆಸರು ಕಾರ್ಲ್ ಕಾಸಿಮಿರ್ ಥಿಯೋಡರ್. ಇಪ್ಪತ್ತೊಂದು ತುಂಬಿದಾಗ ಈ ತರುಣನು ರಷ್ಯದ ಸನಾತನ ಕ್ರೈಸ್ತಮತಕ್ಕೆ ಸೇರಿ, ತನಗೆ ಪ್ರಿಯನಾಗಿದ್ದ ಕಥೆಗಾರ ವ್ಸೆವೊಲೊದ್ ಗಾರ್ಷಿನ್ನನ ಹೆಸರನ್ನು ತಾನೇ ತೆಗೆದುಕೊಂಡನು. ತಂದೆಯ ಮನೆಯನ್ನೂ ಮತವನ್ನೂ ಹೆಸರನ್ನೂ ಒಟ್ಟಿಗೆ ಕಳಚಿಟ್ಟು ಹೊರಬಂದ ಈ ಹೆಜ್ಜೆಯಲ್ಲಿ ಅವನ ಮುಂದಿನ ಬಾಳಿನ ರೀತಿ ಆಗಲೇ ಕಾಣುತ್ತದೆ. ಕಟ್ಟಿದ್ದನ್ನು ಬಿಟ್ಟು ಹೊಸದನ್ನು ಕಟ್ಟುವುದು ಅವನಿಗೆ ಸ್ವಭಾವವೇ ಆಗಿತ್ತು. ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗಕ್ಕೆ ಸೇರಿದವನು ೧೮೯೬ರಲ್ಲಿ ಅದನ್ನು ತೊರೆದು, ಫಿಲ್‌ಹಾರ್ಮೋನಿಕ್ ಸಂಘದ ನಾಟಕಶಾಲೆಯಲ್ಲಿ ನೆಮಿರೊವಿಚ್ ಡಾನ್‌ಚೆಂಕೋವಿನ ಶಿಷ್ಯನಾದನು.

೧೮೯೮ರಲ್ಲಿ ಅದೇ ಗುರು ಸ್ಟಾನಿಸ್ಲಾವ್‌ಸ್ಕಿಯೊಡನೆ ಸೇರಿ ಮಾಸ್ಕೋ ಆರ್ಟ್ ಥಿಯೇಟರನ್ನು ಸ್ಥಾಪಿಸಿದಾಗ ಮೇಯರ್‌ಹೋಲ್ಡ್ ಅದರ ಮೊದಲ ನಟರಲ್ಲಿ ಒಬ್ಬನಾದನು. ಆ ವರ್ಷದ ಚಳಿಗಾಲದಲ್ಲಿ ರಂಗಕ್ಕೆ ಬಂದ ಚೆಕೋವನ ‘ಕಡಲಹಕ್ಕಿ’ ನಾಟಕದಲ್ಲಿ ತ್ರೆಪ್ಲೆವ್‌ನ ಪಾತ್ರ ಅವನ ಪಾಲಿಗೆ ಬಂತು. ತ್ರೆಪ್ಲೆವ್ ಹಳೆಯ ನಾಟಕದ ಜಡ ಸಂಪ್ರದಾಯವನ್ನು ಕಂಡು ಸಿಡಿಮಿಡಿಗೊಳ್ಳುವ, ಹೊಸ ರೂಪಗಳಿಗಾಗಿ ಹಂಬಲಿಸುವ ಯುವಕ. ಪಾತ್ರಕ್ಕೂ ನಟನಿಗೂ ಇಷ್ಟು ಸಾಮ್ಯ ಒದಗುವುದು ಅಪೂರ್ವ. ಚೆಕೋವ್ ಈ ತರುಣ ನಟನನ್ನು ಮೆಚ್ಚಿದನು. ಇಬ್ಬರ ನಡುವೆ ಪತ್ರವ್ಯವಹಾರ ಬೆಳೆಯಿತು. ಆದರೆ ಆರ್ಟ್ ಥಿಯೇಟರಿನ ವಾಸ್ತವಿಕತೆ, ರಂಗದ ಮೇಲೆ ನಿಜವಾದ ಮನೆ, ನಿಜವಾದ ಪೀಠೋಪಕರಣ, ಜೀರುಂಡೆಯ ದನಿ ಇವೆಲ್ಲ ಮೇಯರ್‌ಹೋಲ್ಡನಿಗೆ ಬರಬರುತ್ತ ಉಸಿರುಕಟ್ಟಿಸುವಂತೆ ತೋರಿದವು. ಪ್ರೇಕ್ಷಕನು ಊಹಿಸಿಕೊಳ್ಳಬೇಕಾದದ್ದನ್ನೆಲ್ಲ ರಂಗವೇ ತೋರಿಸಿಬಿಟ್ಟರೆ ಕಲೆಗೆ ಉಳಿಯುವುದೇನು? ೧೯೦೨ರಲ್ಲಿ ಸಂಸ್ಥೆ ಪಾಲುದಾರರ ಮಂಡಲಿಯಾಗಿ ಪುನರ್ರಚಿತವಾದಾಗ ಪಾಲುದಾರರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಅವನು ಹೊರಬಿದ್ದು ದಕ್ಷಿಣದ ಖೆರ್ಸೊನ್ ನಗರಕ್ಕೆ ಹೋಗಿ ಸ್ವಂತ ಮಂಡಲಿ ಕಟ್ಟಿದನು.

ಬಿಟ್ಟುಹೋದ ಶಿಷ್ಯನನ್ನು ಮೂರು ವರ್ಷಗಳ ತರುವಾಯ ಸ್ಟಾನಿಸ್ಲಾವ್‌ಸ್ಕಿಯೇ ಮತ್ತೆ ಕರೆದದ್ದು ಆ ಹಿರಿಯನ ಔದಾರ್ಯಕ್ಕೆ ಸಾಕ್ಷಿ. ೧೯೦೫ರಲ್ಲಿ ಮಾಸ್ಕೋದ ಪೊವರ್‌ಸ್ಕಾಯಾ ಬೀದಿಯಲ್ಲಿ ಹೊಸ ಪ್ರಯೋಗಗಳಿಗೆಂದೇ ಒಂದು ಸ್ಟುಡಿಯೋ ತೆರೆದು, ಅದನ್ನು ಮೇಯರ್‌ಹೋಲ್ಡನ ಕೈಗೆ ಒಪ್ಪಿಸಿದನು. ಮೇಟರ್ಲಿಂಕನ ಒಂದು ಸಾಂಕೇತಿಕ ನಾಟಕ ಸಿದ್ಧವಾಯಿತು. ನಟರು ಶಿಲ್ಪಗಳಂತೆ ನಿಲ್ಲಬೇಕು, ಮಾತು ಒಂದು ಲಯದಲ್ಲಿ, ಚಲನೆ ಇನ್ನೊಂದು ಲಯದಲ್ಲಿ ಸಾಗಬೇಕು ಎಂಬುದು ನಿರ್ದೇಶಕನ ಕಲ್ಪನೆ. ಕಲ್ಪನೆ ಸುಂದರವಾಗಿತ್ತು, ನೆರವೇರಿಸಬೇಕಾದ ನಟರ ಮೈ ಮಾತ್ರ ಅದಕ್ಕೆ ಪಳಗಿರಲಿಲ್ಲ. ಪೂರ್ವಪ್ರಯೋಗವನ್ನು ನೋಡಿದ ಸ್ಟಾನಿಸ್ಲಾವ್‌ಸ್ಕಿ, ತರುಣ ನಟರು ನಿರ್ದೇಶಕನ ಕೈಯಲ್ಲಿ ಜೇಡಿಮಣ್ಣಾಗಿರುವುದನ್ನು ಕಂಡನು. ಹೊರಗೆ ೧೯೦೫ರ ಕ್ರಾಂತಿಯ ಗಲಭೆಯೂ ಎದ್ದಿತ್ತು. ಸ್ಟುಡಿಯೋ ಸಾರ್ವಜನಿಕರಿಗೆ ಬಾಗಿಲು ತೆರೆಯದೆಯೇ ಮುಚ್ಚಿಹೋಯಿತು.

ಮೇಯರ್‌ಹೋಲ್ಡನ ಸಾಧನೆಗಳನ್ನು ಪಟ್ಟಿಮಾಡುವವರು ಈ ಸೋಲನ್ನು ಒಂದು ವಾಕ್ಯದಲ್ಲಿ ದಾಟಿಬಿಡುವುದುಂಟು. ನನಗೆ ತೋರುವಂತೆ ಅವನ ಜೀವನದ ಗರ್ಭಸ್ಥಾನ ಇದೇ. ಹೊಸ ರಂಗಭೂಮಿಗೆ ಹೊಸ ನಾಟಕವಾಗಲಿ ಹೊಸ ಪರದೆಯಾಗಲಿ ಸಾಲದು, ಮೊದಲು ಹೊಸ ನಟ ಬೇಕು, ಆ ನಟನ ಮೈಗೆ ಹೊಸ ಶಿಕ್ಷಣ ಬೇಕು ಎಂಬ ಅರಿವು ಅವನಿಗೆ ಇಲ್ಲಿಂದ ಮೊದಲಾಯಿತು. ಆ ಶಿಕ್ಷಣಕ್ಕೆ ರೂಪ ಬರಲು ಇನ್ನೂ ಹದಿನಾರು ವರ್ಷಗಳು ಹಿಡಿದವು.

೧೯೦೬ರಲ್ಲಿ ಪ್ರಖ್ಯಾತ ನಟಿ ವೇರಾ ಕೊಮಿಸ್ಸಾರ್ಜೆವ್‌ಸ್ಕಾಯಾ ತನ್ನ ಪೀಟರ್ಸ್‌ಬರ್ಗಿನ ನಾಟಕಶಾಲೆಗೆ ಅವನನ್ನು ಕರೆಸಿಕೊಂಡಳು. ಆ ವರ್ಷದ ಕೊನೆಯಲ್ಲಿ ಕವಿ ಅಲೆಕ್ಸಾಂಡರ್ ಬ್ಲೋಕ್‌ನ ‘ಜಾತ್ರೆಯ ಬೊಂಬೆಯಾಟ’ವನ್ನು ಪ್ರಯೋಗಿಸಿ, ತಾನೇ ಪಿಯೆರೋ ಎಂಬ ವಿರಹಿ ವಿದೂಷಕನಾಗಿ ನಟಿಸಿದನು. ಗಾಯಗೊಂಡ ಕೋಡಂಗಿಯ ಮೈಯಿಂದ ಸುರಿಯುವುದು ರಕ್ತವಲ್ಲ, ಹಣ್ಣಿನ ರಸ. ನಾಟಕ ತಾನು ನಾಟಕವೆಂಬುದನ್ನು ಮುಚ್ಚಿಡದೆ ಪ್ರೇಕ್ಷಕರ ಮುಂದೆ ಒಪ್ಪಿಕೊಂಡಿತು. ಸಭಿಕರಲ್ಲಿ ಅರ್ಧ ಜನ ಚಪ್ಪಾಳೆ ತಟ್ಟಿದರೆ ಇನ್ನರ್ಧ ಜನ ಸಿಳ್ಳೆ ಹಾಕಿದರು. ಮರುವರ್ಷವೇ ನಟಿಗೂ ನಿರ್ದೇಶಕನಿಗೂ ವಿರಸ ಬಂದು, ಆಕೆ ಅವನನ್ನು ಬಿಡಿಸಿಹಾಕಿದಳು. ಆಶ್ಚರ್ಯವೆಂದರೆ, ೧೯೦೮ರಲ್ಲಿ ಸಾಮ್ರಾಟನ ನಾಟಕಶಾಲೆಗಳು ಈ ಬಂಡಾಯಗಾರನನ್ನು ನಿರ್ದೇಶಕನಾಗಿ ನೇಮಿಸಿಕೊಂಡವು.

ಮುಂದಿನ ಹತ್ತು ವರ್ಷ ಅವನದು ಇಮ್ಮುಖದ ಬಾಳು. ಹಗಲು ಬೆಳಕಿನಲ್ಲಿ ಅವನು ರಾಜಾಶ್ರಯದ ನಿರ್ದೇಶಕ. ಮೋಲಿಯೇರನ ‘ಡಾನ್ ಜುವಾನ್’, ವಾಗ್ನರನ ಸಂಗೀತರೂಪಕ ಮೊದಲಾದವನ್ನು ವೈಭವದಿಂದ ಆಡಿಸುವವನು. ಇನ್ನೊಂದು ಮುಖಕ್ಕೆ ಡಾಕ್ಟರ್ ದಾಪೆರ್ತುತ್ತೋ ಎಂಬ ಗುಪ್ತನಾಮ. ರಾಜಾಶ್ರಯದ ಕರಾರು ಹೊರಗಿನ ಕೆಲಸಕ್ಕೆ ಅಡ್ಡಿಯಾಗಿದ್ದುದರಿಂದ, ಜರ್ಮನ್ ಕಥೆಗಾರ ಹಾಫ್‌ಮನ್‌ನ ಕಥೆಯೊಂದರಿಂದ ಎತ್ತಿಕೊಂಡ ಹೆಸರು ಅದು. ಆ ಹೆಸರಿನ ಮರೆಯಲ್ಲಿ ಸಣ್ಣ ಸ್ಟುಡಿಯೋಗಳನ್ನು ನಡೆಸಿ, ಯೂರೋಪು ಮರೆತಿದ್ದ ಆಂಗಿಕ ಸಂಪ್ರದಾಯಗಳನ್ನು ಅಗೆದು ತೆಗೆದನು. ಇಟಲಿಯ ಬೀದಿ ನಟರ ಕೊಮೆದಿಯಾ ದೆಲ್ಲಾರ್ತೆ, ಸ್ಪೇನಿನ ಹಳೆಯ ರಂಗ, ಜಾತ್ರೆಯ ದೊಂಬರಾಟ, ಚೀನಾ ಜಪಾನುಗಳ ನಾಟ್ಯ ಇವೆಲ್ಲ ಅವನಿಗೆ ಪಾಠಗಳಾದವು. ಪೀಟರ್ಸ್‌ಬರ್ಗಿನ ಬೊರೊದಿನ್‌ಸ್ಕಾಯಾ ಬೀದಿಯ ಸ್ಟುಡಿಯೋದಲ್ಲಿ ೧೯೧೪ರಿಂದ ಅವನು ಕಲಿಸಿದ ವಿಷಯ ರಂಗಚಲನೆ. ಒಂದು ಚೌಕದ ನೆಲದಲ್ಲಿ ಹೇಗೆ ನಡೆಯಬೇಕು, ದುಂಡಗಿನ ನೆಲದಲ್ಲಿ ಹೇಗೆ, ಸಂಗೀತದ ಮೇಲೆ ಹೆಜ್ಜೆ ಹೇಗೆ ಬೀಳಬೇಕು, ಹಾಗೆ ಬೀಳದೆ ಅದರ ನಡುವೆ ಹೇಗೆ ಸುಳಿಯಬೇಕು ಎಂಬ ಅಭ್ಯಾಸ ಅಲ್ಲಿ ನಡೆಯುತ್ತಿತ್ತು.

ಆರು ವರ್ಷಗಳ ಕಾಲ ಬಿಟ್ಟುಬಿಟ್ಟು ಸಿದ್ಧಪಡಿಸಿದ ಲೆರ್ಮೊಂತೊವ್‌ನ ‘ಛದ್ಮವೇಷ’ ಕೊನೆಗೆ ರಂಗವೇರಿದ್ದು ೧೯೧೭ರಲ್ಲಿ, ಹಳೆಯ ಪಂಚಾಂಗದ ಫೆಬ್ರುವರಿ ೨೫ರ ರಾತ್ರಿ. ಒಳಗೆ ಬಂಗಾರದ ತೆರೆ, ರೇಷ್ಮೆಯ ಉಡುಪು. ಹೊರಗೆ ಬೀದಿಯಲ್ಲಿ ಗುಂಡಿನ ಸದ್ದು. ಕೆಲವೇ ದಿನಗಳಲ್ಲಿ ಝಾರನ ಸಿಂಹಾಸನ ಉರುಳಿತು.

ರಾಜಾಶ್ರಯದ ನಿರ್ದೇಶಕನು ಕ್ರಾಂತಿಯ ಕಡೆಗೆ ನಡೆದುಹೋದದ್ದು ಅನೇಕರಿಗೆ ಅರ್ಥವಾಗಲಿಲ್ಲ. ೧೯೧೮ರಲ್ಲಿ ಬೋಲ್ಷೆವಿಕ್ ಪಕ್ಷದ ಸದಸ್ಯನಾದನು. ಅದೇ ವರ್ಷದ ನವೆಂಬರಿನಲ್ಲಿ, ಕ್ರಾಂತಿಯ ಮೊದಲ ವಾರ್ಷಿಕೋತ್ಸವಕ್ಕೆ, ಮಾಯಕೋವ್‌ಸ್ಕಿಯ ‘ಮಿಸ್ಟರಿ ಬೂಫ್’ ಆಡಿಸಿದನು. ಕ್ಷಯದ ಚಿಕಿತ್ಸೆಗೆಂದು ದಕ್ಷಿಣಕ್ಕೆ ಹೋದಾಗ ಬಿಳಿಯ ಸೇನೆಯವರಿಗೆ ಸಿಕ್ಕಿ ಸೆರೆಮನೆ ಕಂಡನು. ೧೯೨೦ರಲ್ಲಿ ಮಾಸ್ಕೋಗೆ ಬಂದಾಗ ಸರ್ಕಾರದ ರಂಗಭೂಮಿ ವಿಭಾಗದ ಮುಖ್ಯಾಧಿಕಾರ ಅವನದಾಯಿತು. ಸತ್ಯವನ್ನು ಹೇಳಬೇಕಾದರೆ, ಅಧಿಕಾರ ಅವನಿಗೆ ಒಪ್ಪಲಿಲ್ಲ. ಹಳೆಯ ನಾಟಕಶಾಲೆಗಳ ಮೇಲೆ ರಂಗಭೂಮಿಯ ಅಕ್ಟೋಬರ್ ಎಂದು ಸಮರ ಸಾರಿದನು. ತನ್ನ ಕಲೆಯ ಮಾರ್ಗವನ್ನೇ ಕ್ರಾಂತಿಯ ಮಾರ್ಗವೆಂದು ಭಾವಿಸಿದನು. ಕಲೆಯ ವಿವಾದವನ್ನು ರಾಜಕೀಯದ ತಕ್ಕಡಿಯಲ್ಲಿ ತೂಗಬಹುದೆಂದು ಒಪ್ಪಿದವನನ್ನು ಅದೇ ತಕ್ಕಡಿ ಮುಂದೊಂದು ದಿನ ತೂಗಿತು.

ಅಧಿಕಾರ ಕೆಲವೇ ತಿಂಗಳಲ್ಲಿ ಕೈಬಿಟ್ಟಿತು. ಉಳಿದದ್ದು ಪಾಠಶಾಲೆ. ೧೯೨೧ರಲ್ಲಿ ಮಾಸ್ಕೋದಲ್ಲಿ ತೆರೆದ ಸರ್ಕಾರಿ ಉನ್ನತ ನಿರ್ದೇಶನ ಶಾಲೆಯಲ್ಲಿ ಅವನು ಬಯೋಮೆಕ್ಯಾನಿಕ್ಸ್ ಎಂಬ ಶಿಕ್ಷಣಕ್ರಮವನ್ನು ಆರಂಭಿಸಿದನು. ಮುಂದೆ ಚಲನಚಿತ್ರ ಜಗತ್ತಿನಲ್ಲಿ ಹೆಸರಾದ ಸೆರ್ಗೈ ಐಸೆನ್‌ಸ್ಟೈನ್ ಆ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬ. ೧೯೨೨ರ ಜೂನ್ ೧೨ರಂದು ಮಾಸ್ಕೋ ಸಂಗೀತ ವಿದ್ಯಾಲಯದ ಸಣ್ಣ ಸಭಾಂಗಣದಲ್ಲಿ ಮೇಯರ್‌ಹೋಲ್ಡ್ ತನ್ನ ತತ್ತ್ವವನ್ನು ಉಪನ್ಯಾಸದಲ್ಲಿ ವಿವರಿಸಿ, ಶಿಷ್ಯರಿಂದ ಪ್ರದರ್ಶನ ಮಾಡಿಸಿದನು.

ತತ್ತ್ವದ ತಿರುಳು ಹೀಗೆ. ನಟನೊಳಗೆ ಇಬ್ಬರಿದ್ದಾರೆ. ಒಬ್ಬನು ಕಲ್ಪಿಸಿ ಅಪ್ಪಣೆ ಕೊಡುವವನು, ಇನ್ನೊಬ್ಬನು ಆ ಅಪ್ಪಣೆಯನ್ನು ಮೈಯಿಂದ ನೆರವೇರಿಸುವವನು. ಇಬ್ಬರ ನಡುವೆ ತಡವಾಗಲಿ ತೊಡಕಾಗಲಿ ಇರಬಾರದು. ಭಾವ ಉಕ್ಕಿಬರಲೆಂದು ಕಣ್ಣು ಮುಚ್ಚಿ ಕಾಯುವ ನಟನಿಗೆ ಭಾವ ಇವತ್ತು ಬಂದೀತು, ನಾಳೆ ಬಾರದೆ ಹೋದೀತು. ಮೈಯ ನಿಲುವು ಸರಿಯಾಗಿದ್ದರೆ ಭಾವ ತಾನಾಗಿ ಹಿಂಬಾಲಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ೧೮೮೪ರಲ್ಲಿ ಪ್ರತಿಪಾದಿಸಿದ ವಾದ ಇಲ್ಲಿ ಆಧಾರವಾಯಿತು. ಕರಡಿಯನ್ನು ಕಂಡು ಹೆದರಿದ್ದರಿಂದ ಓಡುತ್ತೇವೆಂದು ನಾವು ತಿಳಿದಿದ್ದೇವೆ. ಓಡಿದ್ದರಿಂದಲೇ ಹೆದರುತ್ತೇವೆ ಎನ್ನುತ್ತದೆ ಆ ವಾದ. ರಷ್ಯದ ಪಾವ್ಲೋವ್, ಬೆಖ್ತೆರೆವ್ ಇವರ ಪ್ರತಿವರ್ತನ ಸಂಶೋಧನೆಗಳನ್ನೂ, ಕಾರ್ಖಾನೆಯ ದುಡಿಮೆಯಲ್ಲಿ ವ್ಯರ್ಥಚಲನೆಯನ್ನು ಕಳೆಯಬೇಕೆಂದ ಅಮೆರಿಕದ ಟೇಲರನ ಕ್ರಮವನ್ನೂ ಅವನು ಜೊತೆಗೆ ಸೇರಿಸಿಕೊಂಡನು. ಈ ವಿಜ್ಞಾನದ ಉಡುಪಿನಲ್ಲಿ ಆ ಕಾಲದ ಯಂತ್ರಮೋಹದ ಪಾಲೂ ಸಾಕಷ್ಟಿತ್ತು ಎನ್ನಬೇಕು. ಉಡುಪಿನ ಒಳಗಿದ್ದದ್ದು ಜಾತ್ರೆಯ ದೊಂಬರಿಂದಲೂ ಇಟಲಿಯ ವಿದೂಷಕರಿಂದಲೂ ಕಲಿತ ಹಳೆಯ ವಿದ್ಯೆಯೇ.

ಅಭ್ಯಾಸವೆಂದರೆ ಗರಡಿಯ ಸಾಮಿನಂತೆ ಕಟ್ಟುನಿಟ್ಟಾದದ್ದು. ಮೊದಲಿಗೆ ದಾಕ್ತಿಲ್ ಎಂಬ ಪ್ರಾರಂಭದ ವರಸೆ. ಸಡಿಲವಾಗಿ ನಿಂತ ನಟನು ತೋಳುಗಳನ್ನು ಬೀಸಿ ತಲೆಯ ಮೇಲಕ್ಕೆತ್ತಿ, ಮೈಯೆಲ್ಲವನ್ನೂ ಮೇಲಕ್ಕೆ ಸೆಳೆದು, ಥಟ್ಟನೆ ಕೆಳಗಿಳಿಯುತ್ತ ಎರಡು ಬಾರಿ ಚಪ್ಪಾಳೆ ತಟ್ಟಬೇಕು. ಗುಂಪಿನ ಗಮನವೆಲ್ಲ ಒಂದು ಲಯಕ್ಕೆ ಬರುವುದು ಇದರಿಂದ. ಆಮೇಲೆ ಪಾಠಗಳು: ಬಿಲ್ಲಿನಿಂದ ಬಾಣ ಬಿಡುವುದು, ಕಲ್ಲೆಸೆಯುವುದು, ಕಪಾಳಕ್ಕೆ ಹೊಡೆಯುವುದು, ಕಠಾರಿಯಿಂದ ತಿವಿಯುವುದು, ಎದುರಾಳಿಯ ಎದೆಯ ಮೇಲೆ ನೆಗೆಯುವುದು. ಬಿಲ್ಲಿನ ಪಾಠದಲ್ಲಿ ಬಿಲ್ಲೇ ಇರುವುದಿಲ್ಲ. ಇಲ್ಲದ ಬಿಲ್ಲನ್ನು ನೆಲದಿಂದ ಎತ್ತಿ, ಇಲ್ಲದ ಬಾಣವನ್ನು ಹೂಡಿ, ಇಲ್ಲದ ಹೆದೆಯನ್ನು ಎಳೆದು ಬಿಡುವಾಗ ಹಿಮ್ಮಡಿಯಿಂದ ನೆತ್ತಿಯವರೆಗೆ ಮೈಯೆಲ್ಲ ಬಿಲ್ಲಾಗಬೇಕು. ಬೆರಳ ತುದಿ ಆಡಿದರೂ ಅದರ ಸುದ್ದಿ ಇಡೀ ಮೈಗೆ ತಲುಪಬೇಕು ಎಂಬುದು ಇಲ್ಲಿಯ ಮೂಲಸೂತ್ರ.

ಪ್ರತಿಯೊಂದು ಕ್ರಿಯೆಯನ್ನೂ ಅವನು ಮೂರು ಭಾಗವಾಗಿ ಒಡೆದನು. ಮೊದಲನೆಯದು ಒತ್ಕಾಜ್, ಅಂದರೆ ನಿರಾಕರಣೆ. ಮುಂದೆ ಹೊಡೆಯಬೇಕಾದ ಕೈ ಮೊದಲು ಹಿಂದಕ್ಕೆ ಹೋಗುತ್ತದೆ, ಮೇಲಕ್ಕೆ ನೆಗೆಯಬೇಕಾದ ಕಾಲು ಮೊದಲು ಮಡಿಯುತ್ತದೆ. ಟಗರು ಹಿಂದೆ ಸರಿಯುವುದು ಹಾಯುವುದಕ್ಕಾಗಿಯೇ ಅಲ್ಲವೆ? ಎರಡನೆಯದು ಪೊಸಿಲ್, ಕ್ರಿಯೆಯನ್ನು ಗುರಿಗೆ ಕಳುಹಿಸುವುದು. ಮೂರನೆಯದು ತೋಚ್ಕ, ಪೂರ್ಣವಿರಾಮ. ಮೈ ನಿಶ್ಚಲವಾಗಿ ನಿಂತು ಮುಂದಿನ ಕ್ರಿಯೆಗೆ ಸಿದ್ಧವಾಗುವ ಗಳಿಗೆ. ಈ ಮೂರರ ಉದ್ದಕ್ಕೂ ತೋರ್ಮೊಜ್ ಎಂಬ ತಡೆ ಇರಬೇಕು. ಬಂಡಿಯ ಗಾಲಿಗೆ ಬಿರಿಯಿದ್ದಂತೆ ಅದು, ವೇಗವನ್ನು ಹತೋಟಿಯಲ್ಲಿಡುವುದಕ್ಕೆ. ವಾಕ್ಯಕ್ಕೆ ಕರ್ತೃ ಕರ್ಮ ಕ್ರಿಯಾಪದಗಳಿರುವಂತೆ ಚಲನೆಗೂ ಒಂದು ವ್ಯಾಕರಣವುಂಟೆಂದು ಅವನು ಹೀಗೆ ತೋರಿಸಿಕೊಟ್ಟನು. ಈ ಪಾಠಗಳನ್ನು ಹಾಗೆಯೇ ನಾಟಕದಲ್ಲಿ ಆಡಬೇಕೆಂದು ಅವನು ಹೇಳಲಿಲ್ಲ. ವ್ಯಾಕರಣ ಕಲಿತವನು ಸೂತ್ರಗಳನ್ನು ಒಪ್ಪಿಸುತ್ತ ಕುಳಿತುಕೊಳ್ಳುವುದಿಲ್ಲ, ಮಾತನಾಡುತ್ತಾನೆ.

ವ್ಯಾಕರಣವು ಕಾವ್ಯವಾದದ್ದು ೧೯೨೨ರ ಏಪ್ರಿಲ್ ೨೫ರಂದು. ಬೆಲ್ಜಿಯಂನ ಕ್ರೊಮ್ಲಿಂಕನ ‘ಉದಾರಿ ಪತಿ’ ಎಂಬ ಪ್ರಹಸನಕ್ಕೆ ಲ್ಯುಬೋವ್ ಪೊಪೋವಾ ಎಂಬ ಕಲಾವಿದೆ ಏಣಿ, ಜಾರುಬಂಡೆ, ತಿರುಗುವ ಬಾಗಿಲು, ಗಾಳಿಗಿರಣಿಯ ರೆಕ್ಕೆ, ದೊಡ್ಡ ಚಕ್ರಗಳು ಇವುಗಳ ಒಂದು ಬರಿಯ ಹಂದರವನ್ನು ಕಟ್ಟಿಕೊಟ್ಟಳು. ತೆರೆಯಿಲ್ಲ, ಬಣ್ಣದ ಪರದೆಯಿಲ್ಲ. ನಟನಟಿಯರಿಗೆಲ್ಲ ಕೆಲಸಗಾರರ ನೀಲಿ ಉಡುಪು. ಇಲಿನ್‌ಸ್ಕಿ, ಬಬಾನೊವಾ, ಜೈಚಿಕೊವ್ ಈ ಮೂವರು ಆ ಹಂದರದ ಮೇಲೆ ಒಂದೇ ಮೈಯ ಮೂರು ಅಂಗಗಳಂತೆ ಆಡಿದರು. ಗಂಡನ ಅಸೂಯೆ ಏರಿದಂತೆ ಹಿಂದಿನ ಚಕ್ರಗಳೂ ವೇಗವಾಗಿ ತಿರುಗಿದವು. ಮನಸ್ಸಿನ ವ್ಯಾಪಾರವೆಲ್ಲ ಮೈಯ ವ್ಯಾಪಾರವಾಗಿ ಕಣ್ಣಿಗೆ ಕಂಡಿತು.

ಮುಂದಿನ ವರ್ಷಗಳು ಕೀರ್ತಿಯ ಶಿಖರ. ೧೯೨೩ರಲ್ಲಿ ಗಣರಾಜ್ಯದ ಜನತಾ ಕಲಾವಿದ ಎಂಬ ಬಿರುದು ಬಂತು. ಅವನ ಹೆಸರಿನದೇ ನಾಟಕಶಾಲೆಯಾಯಿತು. ೧೯೨೬ರ ಡಿಸೆಂಬರಿನಲ್ಲಿ ಗೊಗೊಲ್‌ನ ‘ಇನ್ಸ್‌ಪೆಕ್ಟರ್ ಜನರಲ್’ ನಾಟಕವನ್ನು ಹದಿನೈದು ಪ್ರಸಂಗಗಳಾಗಿ ಮುರಿದು, ಉರುಳಿಬರುವ ಕಿರಿದಾದ ವೇದಿಕೆಗಳ ಮೇಲೆ ನಟರ ಗುಂಪನ್ನು ಒತ್ತೊತ್ತಾಗಿ ನಿಲ್ಲಿಸಿ ಆಡಿಸಿದನು. ಅಷ್ಟು ಇಕ್ಕಟ್ಟಿನಲ್ಲಿ ಒಬ್ಬನ ಕೈ ತಪ್ಪಿದರೂ ಚಿತ್ರ ಕೆಡುತ್ತದೆ. ಐದು ವರ್ಷಗಳ ಸಾಮು ಅಲ್ಲಿ ಫಲ ಕೊಟ್ಟಿತು. ಕೊನೆಯ ಮೂಕದೃಶ್ಯದಲ್ಲಿ ನಿಶ್ಚಲರಾಗಿ ನಿಂತಿದ್ದವರು ನಟರಲ್ಲ, ಆಳೆತ್ತರದ ಬೊಂಬೆಗಳು ಎಂದು ತಿಳಿದಾಗ ಸಭೆ ಬೆಚ್ಚಿತು.

ಆದರೆ ಗುರುವಿನೊಡನೆ ಬಾಳುವುದು ಸುಲಭವಾಗಿರಲಿಲ್ಲ. ಅವನ ಮೊದಲ ಹೆಂಡತಿ ಓಲ್ಗಾ ಮುಂಟ್. ೧೯೨೨ರಲ್ಲಿ ಅವನು ಶಿಷ್ಯೆಯಾಗಿ ಬಂದ, ಕವಿ ಎಸೆನಿನ್‌ನಿಂದ ವಿಚ್ಛೇದನ ಪಡೆದಿದ್ದ ಝಿನಾಯ್ದಾ ರೈಖ್‌ಳನ್ನು ಮದುವೆಯಾಗಿ, ಆಕೆಯ ಇಬ್ಬರು ಮಕ್ಕಳಿಗೂ ತಂದೆಯಾದನು. ಆಕೆಯ ಮೇಲಿನ ಪ್ರೇಮ ಅವನನ್ನು ಮೃದುಗೊಳಿಸಿತು, ನಿರ್ದೇಶಕನ ನ್ಯಾಯದೃಷ್ಟಿಯನ್ನು ಮಬ್ಬೂ ಮಾಡಿತು. ಮುಖ್ಯ ಪಾತ್ರಗಳೆಲ್ಲ ಆಕೆಗೆ ಮೀಸಲಾದುವು. ಅವನ ಶಿಕ್ಷಣದ ಅತ್ಯುತ್ತಮ ಫಲವಾಗಿದ್ದ ಬಬಾನೊವಾ ೧೯೨೭ರಲ್ಲಿ ಬಿಟ್ಟುಹೋದಳು. ಇಲಿನ್‌ಸ್ಕಿಯೂ ಉಳಿಯಲಿಲ್ಲ. ಶಿಷ್ಯರನ್ನು ಅಷ್ಟು ಶ್ರಮದಿಂದ ಬೆಳೆಸಿದವನು ಬೆಳೆದವರನ್ನು ಉಳಿಸಿಕೊಳ್ಳಲು ಅರಿಯದೆ ಹೋದನು.

೧೯೩೦ರ ಏಪ್ರಿಲಿನಲ್ಲಿ ಮಾಯಕೋವ್‌ಸ್ಕಿ ಗುಂಡು ಹಾರಿಸಿಕೊಂಡು ಸತ್ತನು. ಮೇಯರ್‌ಹೋಲ್ಡ್ ತನ್ನ ನಾಟಕಕಾರನನ್ನು ಕಳೆದುಕೊಂಡನು. ೧೯೩೫ರಲ್ಲಿ ಚೀನದ ಮಹಾನಟ ಮೇ ಲಾನ್‌ಫಾಂಗ್ ಮಾಸ್ಕೋಗೆ ಬಂದು ಆಡಿದಾಗ, ಆ ಬೆರಳುಗಳ ಸೂಕ್ಷ್ಮಚಲನೆಯಲ್ಲಿ ತಾನು ಮೂವತ್ತು ವರ್ಷ ಅರಸಿದ್ದನ್ನು ಕಂಡು ಅವನು ಬೆರಗಾದನು. ಅಷ್ಟರಲ್ಲಿ ಹೊರಗಿನ ಗಾಳಿ ತಿರುಗಿತ್ತು. ೧೯೩೬ರಲ್ಲಿ ರೂಪವಾದದ ವಿರುದ್ಧ ಸರ್ಕಾರ ಚಳವಳಿ ಹೂಡಿತು. ಇತರರು ತಪ್ಪೊಪ್ಪಿಕೊಳ್ಳುತ್ತಿದ್ದಾಗ ಮೇಯರ್‌ಹೋಲ್ಡ್ ಲೆನಿನ್‌ಗ್ರಾಡಿನ ಸಭೆಯೊಂದರಲ್ಲಿ ಸಂಗೀತಗಾರ ಶೊಸ್ತಕೊವಿಚ್‌ನ ಪರ ನಿಂತನು. ೧೯೩೭ರ ಡಿಸೆಂಬರಿನಲ್ಲಿ ‘ಪ್ರಾವ್ದಾ’ ಪತ್ರಿಕೆ ಅವನ ನಾಟಕಶಾಲೆಯನ್ನು ಪರಕೀಯವೆಂದು ಜರೆಯಿತು. ೧೯೩೮ರ ಜನವರಿಯಲ್ಲಿ ಅದಕ್ಕೆ ಬೀಗ ಬಿತ್ತು.

ಬೀದಿಯಲ್ಲಿ ಕಂಡವರು ಮುಖ ತಿರುಗಿಸಿಕೊಳ್ಳುತ್ತಿದ್ದ ಆ ದಿನಗಳಲ್ಲಿ ಕೈ ಹಿಡಿದವನು ಸ್ಟಾನಿಸ್ಲಾವ್‌ಸ್ಕಿ. ಹಾಸಿಗೆ ಹಿಡಿದಿದ್ದ ಆ ಎಪ್ಪತ್ತೈದರ ವೃದ್ಧನು ತನ್ನ ಸಂಗೀತನಾಟಕ ಶಾಲೆಗೆ ಹಳೆಯ ಶಿಷ್ಯನನ್ನು ಕರೆದುಕೊಂಡನು. ಕೊನೆಯ ವರ್ಷಗಳಲ್ಲಿ ಸ್ಟಾನಿಸ್ಲಾವ್‌ಸ್ಕಿಯೂ ದೈಹಿಕ ಕ್ರಿಯೆಯ ಮೂಲಕ ಭಾವವನ್ನು ತಲುಪುವ ದಾರಿಯನ್ನು ಕಂಡುಕೊಳ್ಳುತ್ತಿದ್ದನು. ಒಬ್ಬನು ಒಳಗಿನಿಂದ, ಒಬ್ಬನು ಹೊರಗಿನಿಂದ ಹೊರಟವರು ಮೂವತ್ತಮೂರು ವರ್ಷಗಳ ಬಳಿಕ ಒಂದೇ ಹೊಸ್ತಿಲಲ್ಲಿ ಸಂಧಿಸಿದರು. ೧೯೩೮ರ ಆಗಸ್ಟ್ ೭ರಂದು ಸ್ಟಾನಿಸ್ಲಾವ್‌ಸ್ಕಿ ತೀರಿಕೊಂಡನು. ಆ ನೆರಳೂ ಹೋಯಿತು.

೧೯೩೯ರ ಜೂನಿನಲ್ಲಿ ನಿರ್ದೇಶಕರ ಅಖಿಲ ಸೋವಿಯತ್ ಸಮ್ಮೇಳನದಲ್ಲಿ ಮಾತನಾಡಿ, ಅಲ್ಲಿಂದ ಲೆನಿನ್‌ಗ್ರಾಡಿಗೆ ಹೋದನು. ಹೋದ ಕೆಲಸ ಅಂಗಸಾಧನೆಯ ವಿದ್ಯಾರ್ಥಿಗಳ ಸಾಮೂಹಿಕ ಪ್ರದರ್ಶನವೊಂದನ್ನು ಸಿದ್ಧಪಡಿಸುವುದು. ನಟರಿಲ್ಲದಿದ್ದರೂ ಮೈಗಳಿದ್ದವು, ಅವಕ್ಕೆ ಲಯ ಕಲಿಸುವ ಕೆಲಸವಿತ್ತು. ಜೂನ್ ೨೦ರಂದು ಅಲ್ಲಿಯೇ ಅವನನ್ನು ಬಂಧಿಸಿದರು. ಒಂದು ತಿಂಗಳು ಕಳೆಯುವುದರೊಳಗೆ ಮಾಸ್ಕೋದ ಮನೆಯಲ್ಲಿ ಝಿನಾಯ್ದಾ ರೈಖ್ ಚೂರಿಯ ಇರಿತಗಳಿಂದ ಕೊಲೆಯಾದಳು. ಸೆರೆಯಲ್ಲಿ ಅರವತ್ತೈದು ವರ್ಷದ ಮುದುಕನನ್ನು ನೆಲಕ್ಕೆ ಬೋರಲು ಕೆಡವಿ, ಅಂಗಾಲಿಗೂ ಬೆನ್ನಿಗೂ ರಬ್ಬರಿನ ದೊಣ್ಣೆಯಿಂದ ಹೊಡೆದರು. ಬೇಹುಗಾರನೆಂದು ಬರೆದ ಕಾಗದಕ್ಕೆ ಆ ಕೈ ರುಜು ಹಾಕಿತು. ತರುವಾಯ, ೧೯೪೦ರ ಜನವರಿಯಲ್ಲಿ, ಅದೇ ಕೈ ಮೊಲೊತೊವ್‌ನಿಗೆ ಪತ್ರ ಬರೆದು ನಡೆದದ್ದನ್ನೆಲ್ಲ ತಿಳಿಸಿ, ಹೇಳಿಕೆಗಳನ್ನು ಹಿಂದಕ್ಕೆ ಪಡೆಯಿತು. ನ್ಯಾಯಾಲಯದಲ್ಲಿಯೂ ಅವನು ಆರೋಪವನ್ನು ಒಪ್ಪಲಿಲ್ಲ. ಫೆಬ್ರುವರಿ ೧ರಂದು ವಿಚಾರಣೆಯಾಯಿತು, ೨ರಂದು ಗುಂಡಿಕ್ಕಿ ಕೊಂದರು. ಅವನ ನಾಟಕಶಾಲೆಗೆಂದು ಕಟ್ಟುತ್ತಿದ್ದ ಕಟ್ಟಡ ಅದೇ ವರ್ಷ ಸಂಗೀತ ಸಭಾಂಗಣವಾಗಿ ಬಾಗಿಲು ತೆರೆಯಿತು.

ಹದಿನೈದು ವರ್ಷ ಅವನ ಹೆಸರು ಅಚ್ಚಾಗಲಿಲ್ಲ. ೧೯೫೫ರಲ್ಲಿ ನಿರ್ದೋಷಿಯೆಂದು ಘೋಷಣೆಯಾಯಿತು. ಸಾವಿನ ನಿಜವಾದ ದಿನವೂ ರೀತಿಯೂ ಜನರಿಗೆ ತಿಳಿದದ್ದು ೧೯೮೦ರ ದಶಕದ ಕೊನೆಯಲ್ಲಿ.

ಇಷ್ಟಾದರೂ ವಿದ್ಯೆ ಉಳಿಯಿತು. ಉಳಿದ ಬಗೆಯನ್ನು ಹೇಳದಿದ್ದರೆ ಕಥೆ ಪೂರ್ಣವಾಗದು. ಮಲಮಗಳು ತತ್ಯಾನಾ ಅವನ ಕಾಗದಪತ್ರಗಳನ್ನು ಐಸೆನ್‌ಸ್ಟೈನ್‌ನಿಗೆ ಒಪ್ಪಿಸಿದಳು. ಸಿಕ್ಕಿಬಿದ್ದರೆ ತಲೆ ಹೋಗುವ ಕಾಲದಲ್ಲಿ ಆ ಶಿಷ್ಯನು ಗುರುವಿನ ಬರಹವನ್ನು ತನ್ನ ಹಳ್ಳಿಯ ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದನು. ಆದರೆ ಚಲನೆಯ ವಿದ್ಯೆ ಕಾಗದದಲ್ಲಿ ಪೂರ್ತಿಯಾಗಿ ಹಿಡಿಯುವುದಿಲ್ಲ. ಮೇಯರ್‌ಹೋಲ್ಡನ ಶಾಲೆಯಲ್ಲಿ ಈ ಪಾಠಗಳನ್ನು ಕಲಿಸುತ್ತಿದ್ದ ನಿಕೊಲಾಯ್ ಕುಸ್ತೊವ್ ಎಂಬ ನಟನು ೧೯೭೦ರ ದಶಕದಲ್ಲಿ, ಮುಪ್ಪಿನಲ್ಲಿ, ಮಾಸ್ಕೋದ ಕೆಲವು ತರುಣ ನಟರಿಗೆ ಅವನ್ನು ಹೇಳಿಕೊಟ್ಟನು. ಅವರಲ್ಲಿ ಬೊಗ್ದಾನೊವ್, ಲೆವಿನ್‌ಸ್ಕಿ ಎಂಬಿಬ್ಬರು ಅದನ್ನು ಮುಂದಕ್ಕೊಯ್ದರು. ಮೂವತ್ತು ನಲವತ್ತು ವರ್ಷ ಆ ವಿದ್ಯೆ ಮುಖ್ಯವಾಗಿ ಉಳಿದಿದ್ದುದು ಹಳೆಯ ಶಿಷ್ಯರ ಮೈಗಳಲ್ಲಿ. ಸ್ನಾಯು ಕೀಲುಗಳ ನೆನಪಿನಲ್ಲಿ.

ಅವನ ಸಿದ್ಧಾಂತದ ಕೆಲವು ಅಂಶಗಳನ್ನು ನಾವು ಒಪ್ಪದಿರಬಹುದು. ಮೈಯಿಂದ ಭಾವ ಹುಟ್ಟುತ್ತದೆಯೋ ಭಾವದಿಂದ ಮೈ ಆಡುತ್ತದೆಯೋ ಎಂಬ ಚರ್ಚೆ ಮುಗಿಯುವಂಥದಲ್ಲ. ಮೈ ನಟನ ಆಳಲ್ಲ, ಅದಕ್ಕೂ ತಿಳಿವುಂಟು, ನೆನಪುಂಟು, ಕಲಿಸಿದರೆ ಕಲಿಯುವ ಶಕ್ತಿಯುಂಟು ಎಂದು ಅವನು ನಂಬಿದ್ದನು. ಆ ಮಾತಿಗೆ ಕಾಲವೇ ಸಾಕ್ಷಿ ನುಡಿದಿದೆ. ಕಲಿಸಿದವನ ಮೈ ಮಾಸ್ಕೋದ ದೊನ್‌ಸ್ಕೊಯ್ ಸ್ಮಶಾನದ ಸಾಮೂಹಿಕ ಗುಂಡಿಯಲ್ಲಿ ಬೂದಿಯಾಗಿ ಬೆರೆತುಹೋಗಿದೆ. ಅವನು ಕಲಿಸಿದ ಬಿಲ್ಲಿನ ಪಾಠವನ್ನು ಮಾತ್ರ ಇಂದಿಗೂ ನಾನಾ ದೇಶಗಳ ನಟರು ಅಭ್ಯಾಸ ಮಾಡುತ್ತಾರೆ. ಬಾಗಿ, ಇಲ್ಲದ ಬಿಲ್ಲನ್ನು ನೆಲದಿಂದ ಎತ್ತಿಕೊಳ್ಳುತ್ತಾರೆ.